ಗಂಟಿನ ಅಳತೆ

ಜಲಜಾಕ್ಷಿಯ ಐದು ವರ್ಷದ ಮಗಳಿಗೆ ವಂಶದಿಂದ ಬಂದ ಕಾಯಿಲೆ. ಮೈಯಲ್ಲಿ ರೋಗ ತಡೆಯುವ ಶಕ್ತಿ ಕಡಿಮೆ. ಇಂಥ ಮಕ್ಕಳಿಗೆ ಲಿಂಫೋಮಾ ಎಂಬ ಕ್ಯಾನ್ಸರ್ ಬರುವ ಅಪಾಯ ಹೆಚ್ಚು, ಕುತ್ತಿಗೆಯಲ್ಲಿ ಗಂಟು ಕಂಡರೆ ತಡಮಾಡದೆ ಕರೆತನ್ನಿ ಎಂದಿದ್ದರು ಡಾಕ್ಟರು. ಅಂದಿನಿಂದ ಅವಳು ಜಡೆ ಹಾಕುವಾಗೆಲ್ಲ ಮಗುವಿನ ಕುತ್ತಿಗೆ ತಡವುತ್ತಿದ್ದಳು.

"ಎಂಥ ಮಾರಾಯ್ತಿ, ಸಂತೆಯಲ್ಲಿ ಮಾವಿನಹಣ್ಣು ಒತ್ತಿದ ಹಾಗೆ ಒತ್ತುವುದು? ಮಗು ಅಲ್ವಾ ಅದು," ಎಂದು ಅತ್ತೆ ಗೊಣಗುತ್ತಿದ್ದರು.

ಈ ತಿಂಗಳಲ್ಲಿ ಆಸ್ಪತ್ರೆಗೆ ಬಂದದ್ದು ಇದು ಮೂರನೇ ಸಲ. ಡಾಕ್ಟರು ಮಗುವಿನ ಕುತ್ತಿಗೆ, ಕಂಕುಳು ಎಲ್ಲ ಮುಟ್ಟಿ ನೋಡಿದರು.

"ಏನೂ ಇಲ್ಲಮ್ಮ. ಶೀತ ಆದಾಗ ಯಾವ ಮಗುವಿಗಾದರೂ ಇಷ್ಟು ಊದುತ್ತದೆ."

"ಹೋದ ಸಲವೂ ಹೀಗೇ ಹೇಳಿದಿರಿ ಸಾರ್." ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. "ಗಂಟು ನೋಡಿ ಅಂತೀರಿ, ನೋಡಿ ಬಂದರೆ ಏನೂ ಇಲ್ಲ ಅಂತೀರಿ. ಎಷ್ಟು ದೊಡ್ಡದಾದರೆ ಹೆದರಬೇಕು ಅಂತ ಯಾರಾದರೂ ಹೇಳಿಕೊಟ್ಟಿದ್ದೀರಾ? ಕೊನೆಗೆ ನಾನೇ ಒಂದು ಅಳತೆ ಮಾಡಿಕೊಂಡೆ."

"ಯಾವ ಅಳತೆ?"

"ಮೊದಲು ನನ್ನ ಕುತ್ತಿಗೆ ಮುಟ್ಟಿ ನೋಡುವುದು, ಆಮೇಲೆ ಇವಳದ್ದು. ನಾನು ದೊಡ್ಡವಳು, ನನಗೆ ನೆಲ್ಲಿಕಾಯಿಯಷ್ಟುಂಟು. ಇವಳದ್ದು ಕಡಲೆಯಷ್ಟೇ. ಆದರೂ ಇಷ್ಟು ಸಣ್ಣ ಮಗುವಿಗೆ ಅದು ಜಾಸ್ತಿಯೇನೋ ಅಂತ ಬಂದೆ."

ಡಾಕ್ಟರು ಮಗುವನ್ನು ಸ್ಟೂಲಿನಿಂದ ಮೆಲ್ಲಗೆ ಕೆಳಗಿಳಿಸಿ, "ಈಗ ನೀವು ಇಲ್ಲಿ ಕೂತ್ಕೊಳ್ಳಿ," ಎಂದರು.