ಎರಡು ಬೀಗದ ಡಬ್ಬಿ

ಓಟಕ್ಕೆ ಅಡ್ಡಿಯಾಗದಂತೆ ಡಬ್ಬಿಯಲ್ಲಿ ತೆಗೆದಿಟ್ಟ ದುಃಖವನ್ನು ಪಂದ್ಯ ಮುಗಿದ ಮರುದಿನ ವಾಪಸು ಕೊಡುವುದು ಆ ಕ್ರೀಡಾ ಹಾಸ್ಟೆಲಿನ ಪದ್ಧತಿ. ಓಟಗಾರ್ತಿ ನೀಲವ್ವನ ಅಪ್ಪ ತೀರಿಕೊಂಡು ನಾಲ್ಕು ತಿಂಗಳಾಗಿತ್ತು, ಅವಳಿನ್ನೂ ಅತ್ತಿರಲಿಲ್ಲ.

ಪ್ರತಿ ಡಬ್ಬಿಗೂ ಎರಡು ಬೀಗ. ಒಂದರ ಕೀಲಿಕೈ ಹಾಸ್ಟೆಲಿನ ಪಾದ್ರಿ ಫಾದರ್ ಜೋಕಿಮರ ಹತ್ತಿರ, ಇನ್ನೊಂದರದು ಸಮಾಜ ಕಾರ್ಯಕರ್ತೆ ವಿಶಾಲಾಕ್ಷಿಯ ಹತ್ತಿರ. ಅಳುವವರನ್ನು ಹಿಡಿದುಕೊಳ್ಳಲು ಒಬ್ಬರು ಸಾಲುವುದಿಲ್ಲ ಎಂಬುದು ಅಲ್ಲಿಯವರ ಅನುಭವ.

ಪಂದ್ಯದ ಮರುದಿನ ಫಾದರ್ ಕಪಾಟಿನಿಂದ ಡಬ್ಬಿ ತಂದಿಟ್ಟರು, ಇಬ್ಬರೂ ಬೀಗ ತೆಗೆದರು. ನೀಲವ್ವ ಕಣ್ಣು ಮುಚ್ಚಿ, ಕಹಿ ಔಷಧಿ ಕುಡಿಯುವವಳ ಹಾಗೆ ಡಬ್ಬಿಯೊಳಗಿನದನ್ನು ಒಮ್ಮೆಗೇ ಉಸಿರೊಳಗೆ ಎಳೆದುಕೊಂಡಳು. ಮರುಕ್ಷಣ ಕುಸಿದು ಕುಳಿತಳು.

"ಅಕ್ಕಾರ, ಇದು ನಮ್ಮಪ್ಪಂದಲ್ರೀ. ಯಾವುದೋ ಕೂಸಿಂದು. ನನ್ನ ಮಡಿಲು ಖಾಲಿ ಖಾಲಿ ಅನಸಾಕತ್ತೈತಿ. ಕೂಸಿನ ತಲಿ ಮ್ಯಾಲಿನ ಕೆಂಪು ಕುಲಾಯಿ ಒಂದು ಕಣ್ಣಮುಂದಿಂದ ಹೋಗವಲ್ದು."

ಫಾದರ್ ಡಬ್ಬಿಯನ್ನು ತಿರುಗಿಸಿ ಅಡಿಯ ಚೀಟಿ ಓದಿದರು. ಸಿಬ್ಬಂದಿಯ ಡಬ್ಬಿಗಳೂ ಅದೇ ಕಪಾಟಿನಲ್ಲಿದ್ದವು. ಸಿಬ್ಬಂದಿಗೆ ಮಾತ್ರ ಪಂದ್ಯ ಮುಗಿಯುವ ದಿನ ಎಂಬುದಿರಲಿಲ್ಲ.

"ತಪ್ಪು ಡಬ್ಬಿ ತಂದೀನ್ರಿ, ಮೇಡಂ. ಇದು ನಿಮ್ಮದು. ಆರು ವರ್ಷದ ಹಿಂದಿಂದು."

"ಹೌದ್ರಿ," ಎಂದಳು ವಿಶಾಲಾಕ್ಷಿ, ಬಸ್ಸಿನ ವೇಳೆ ಹೇಳುವ ದನಿಯಲ್ಲಿ. "ನನ್ನ ಮಗಳಿಗೆ ಹನ್ನೊಂದು ತಿಂಗಳಾಗಿತ್ತು. ಆ ಕುಲಾಯಿ ನಾನ ಹೆಣೆದಿದ್ದೆ."

ಪದ್ಧತಿಯಂತೆ ಫಾದರ್ ನೀಲವ್ವನ ಒಂದು ಕೈ ಹಿಡಿದರು, ವಿಶಾಲಾಕ್ಷಿ ಇನ್ನೊಂದನ್ನು. ನೀಲವ್ವ ಬಿಕ್ಕುತ್ತಲೇ ಅವಳ ಮುಖ ನೋಡಿದಳು.

"ಕೂಸಿನ ಹೆಸರೇನಿತ್ರಿ, ಅಕ್ಕಾರ?"

ವಿಶಾಲಾಕ್ಷಿ ಸ್ವಲ್ಪ ಹೊತ್ತು ಯೋಚಿಸಬೇಕಾಯಿತು.