ಫಕೀರವ್ವನ ರಬ್ಬರು

ಹೊಸ ಕಂಪ್ಯೂಟರುಗಳು ಪ್ರತಿ ಯುಗಾದಿಗೆ ಹಿಂದಿನ ವರ್ಷ ಬರೆದದ್ದನ್ನೆಲ್ಲ ತಾವೇ ಅಳಿಸಿಬಿಡುತ್ತಿದ್ದವು. ಹಳೆಯವು ಏನನ್ನೂ ಮರೆಯುತ್ತಿರಲಿಲ್ಲ. ಅದಕ್ಕೇ ಅವುಗಳ ರಿಪೇರಿಗೆ ನಿಷೇಧವಿತ್ತು.

ಫಕೀರವ್ವನ ಅಂಗಡಿಗೆ ಬಂದ ಇನ್‌ಸ್ಪೆಕ್ಟರ್ ಮೀಟರು, ಸ್ಕ್ರೂಡ್ರೈವರುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡ.

"ಇನ್ನ ಅದ್ಹೆಂಗ ರಿಪೇರಿ ಮಾಡ್ತಿ, ನೋಡೇಬಿಡೂಣು," ಎಂದ.

ಫಕೀರವ್ವ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಹಳೆಯ ಕಂಪ್ಯೂಟರಿನ ಮೆಮೊರಿ ಪಟ್ಟಿಯನ್ನು ಹೊರಗೆಳೆದಳು. ಅದರ ಅಂಚು ಕಪ್ಪಾಗಿತ್ತು. ತುರುಬಿನಲ್ಲಿದ್ದ ಪೆನ್ಸಿಲ್ ತೆಗೆದು, ಅದರ ತುದಿಯ ರಬ್ಬರಿನಿಂದ ಅಂಚನ್ನು ಗಸಗಸ ತಿಕ್ಕಿದಳು. ಪಟ್ಟಿಯನ್ನು ಮತ್ತೆ ಕೂರಿಸಿ ಸ್ವಿಚ್ ಒತ್ತಿದಳು.

ಪರದೆಯ ಮೇಲೆ ಹಳೆಯ ಬರಹ ಮೂಡಿತು: 'ಊರ ಕೆರೆ, ಮೂವತ್ತೆಂಟು ಎಕರೆ.'

ಈಗ ಆ ಜಾಗದಲ್ಲಿ ಇನ್‌ಸ್ಪೆಕ್ಟರನ ಕಚೇರಿಯಿತ್ತು. ಅವನು ಜೇಬಿನಿಂದ ನೋಟ್‌ಬುಕ್ ತೆಗೆದ.

"ರಬ್ಬರೂ ನಿಷೇಧ ಅಂತ ಬರ್ಕೊಳ್ರಿ, ಸಾಹೇಬ್ರ," ಎಂದು ಫಕೀರವ್ವ ಪೆನ್ಸಿಲನ್ನು ಅವನತ್ತ ಚಾಚಿದಳು.