ಪಕ್ಕದ ಕೈ

“ಬೇಡಮ್ಮ,” ಎಂದು ಮುದಿ ಪಾಸ್ಟರ್, ಮಾರ್ಫಿನ್ ಸಿರಿಂಜು ಹಿಡಿದು ನಿಂತ ನರ್ಸನ್ನು ಮತ್ತೆ ತಡೆದರು. “ಶಿಲುಬೆಗೆ ಹಾಕೋ ಮುಂಚೆ ಯೇಸುಸ್ವಾಮಿಗೂ ನೋವು ಮರೆಸೋ ದ್ರಾಕ್ಷಾರಸ ಕೊಡೋಕೆ ಬಂದ್ರು. ಆತ ಕುಡೀಲಿಲ್ಲ. ನೋವಿಂದ ತಪ್ಪಿಸ್ಕೊಳ್ಳೋದು ಪಾಪ ಅಂತ ಸಭೆಗೆಲ್ಲ ಹೇಳಿದವನು ನಾನು. ನನ್ನ ಶಿಲುಬೆ ನಾನೇ ಹೊರ್ತೀನಿ.”

ಮಾತು ಮುಗಿಯುವಷ್ಟರಲ್ಲಿ ನೋವು ಒತ್ತರಿಸಿ ಬಂತು. ಹಲ್ಲು ಕಚ್ಚಿ, ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಕೈಯನ್ನು ಉಡದಂತೆ ಬಿಗಿಹಿಡಿದರು. ಎಂದಿನಂತೆ ಆಕೆ ಈ ಸಲವೂ ಕೈ ಬಿಡಿಸಿಕೊಳ್ಳಲಿಲ್ಲ.

ನೋವು ಇಳಿದ ಮೇಲೆ ಆಕೆ ಸ್ವೆಟರಿನ ತೋಳನ್ನು ಕೆಳಗೆಳೆದುಕೊಂಡಳು. ಪಾಸ್ಟರ್ ಅದನ್ನು ಮೆಲ್ಲನೆ ಮೇಲೆ ಸರಿಸಿದರು. ಮೊಣಕೈವರೆಗೂ ತಮ್ಮದೇ ಬೆರಳುಗಳ ಗುರುತು. ಹಳೆಯ ಹಳದಿಯ ಮೇಲೆ ಹೊಸ ನೀಲಿ.

“ಹೇಳಬಾರದಿತ್ತಾ?”

“ಶಿಲುಬೆ ಹೊರೋರಿಗೆ ಪಕ್ಕಕ್ಕೆ ನೋಡೋಕೆ ಪುರುಸೊತ್ತೆಲ್ಲಿರುತ್ತೆ?” ಎಂದು ಆಕೆ ಆಕಳಿಸಿದಳು.

ಪಾಸ್ಟರ್ ನರ್ಸಿನ ಕಡೆ ತೋಳು ಚಾಚಿದರು.